ಕಾಗದಕ್ಕೆ ಅಂಟಿದ ಕಬ್ಬಿಣ

ಟೇಪ್ ರೆಕಾರ್ಡರ್ ಹುಟ್ಟಿದ ಇಸವಿ ಯಾವುದು ಎಂದು ಕೇಳಿದರೆ, ಕೇಳಿದ ಊರಿಗೆ ತಕ್ಕ ಉತ್ತರ ಸಿಗುತ್ತದೆ. ಕೋಪನ್‌ಹೇಗನ್ನಿನವರಿಗೆ ಅದು 1898. ಬರ್ಲಿನ್ನಿನವರಿಗೆ 1935. ಅಮೆರಿಕದಲ್ಲಿ ಬಹಳ ಕಾಲ ಓಡಾಡಿದ ಕಥೆಯಾದರೋ 1945ರಲ್ಲಿ, ಸೋತ ಜರ್ಮನಿಯ ಒಂದು ಬಾನುಲಿ ನಿಲಯದಲ್ಲಿ ಶುರುವಾಗುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಹೆಚ್ಚುಕಡಿಮೆ ಅರ್ಧ ಶತಮಾನ. ತತ್ತ್ವ ತಿಳಿದಿತ್ತು, ಪೇಟೆಂಟ್ ಇತ್ತು, ಜಾಗತಿಕ ಪ್ರದರ್ಶನದಲ್ಲಿ ಬಹುಮಾನವೂ ಬಂದಿತ್ತು. ಆದರೂ ಅದು ಬಳಕೆಗೆ ಬರಲು ಇಷ್ಟು ಕಾಲ ಹಿಡಿದದ್ದು ಏಕೆ? ಸಾಮಾನ್ಯವಾಗಿ ಸಿಗುವ ವಿವರಣೆಗಳು ಯಂತ್ರದ ಸುತ್ತ ಸುತ್ತುತ್ತವೆ: ಧ್ವನಿವರ್ಧಕ ಇನ್ನೂ ಬಂದಿರಲಿಲ್ಲ, ವಿದ್ಯುತ್ ತಂತ್ರ ಪಳಗಿರಲಿಲ್ಲ, ಯುದ್ಧ ಬಂದು ಎಲ್ಲವನ್ನೂ ಮುಂದೆ ನೂಕಿತು ಎಂದು. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಸಾಕ್ಷ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಯಂತ್ರ ಕಾದು ಕುಳಿತಿದ್ದು ಬೇರೊಂದಕ್ಕೆ ಎಂದು ನನಗೆ ತೋರುತ್ತದೆ. ಅಗ್ಗವಾದ, ಹಗುರವಾದ, ಕತ್ತರಿಗೆ ಬಗ್ಗುವ ಒಂದು ಪಟ್ಟಿಗೆ ಅದು ಕಾದಿತ್ತು. ಆ ಪಟ್ಟಿಯನ್ನು ಕೊಟ್ಟವರು ವಿದ್ಯುತ್ ತಜ್ಞರಲ್ಲ. ಕಾಗದ, ಅಂಟು, ಬಣ್ಣ, ಪುಡಿಗಳ ಕಸುಬಿನವರು.

ಮೊದಲ ಯೋಚನೆಯಲ್ಲೇ ಈ ಸುಳಿವು ಇತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಯಂತ್ರಗಳನ್ನು ತಯಾರಿಸುತ್ತಿದ್ದ ಒಬರ್ಲಿನ್ ಸ್ಮಿತ್ ಎಂಬಾತ ಎಡಿಸನ್ನನ ಫೋನೋಗ್ರಾಫನ್ನು ನೋಡಿ, ಸೂಜಿಯಿಂದ ಗೀರುವ ಬದಲು ಕಾಂತಶಕ್ತಿಯಿಂದ ಧ್ವನಿಯನ್ನು ಹಿಡಿದಿಡಬಹುದೇ ಎಂದು ಯೋಚಿಸಿದ. 1888ರಲ್ಲಿ ಒಂದು ವಿದ್ಯುತ್ ಪತ್ರಿಕೆಯಲ್ಲಿ ಅದನ್ನು ಬರೆದು ಪ್ರಕಟಿಸಿದ. ಅವನು ಸೂಚಿಸಿದ್ದು ಹತ್ತಿಯ ಅಥವಾ ರೇಷ್ಮೆಯ ದಾರ, ಅದರ ಎಳೆಗಳ ನಡುವೆ ಸಿಕ್ಕಿಸಿದ ಉಕ್ಕಿನ ಪುಡಿ. ಬರಿಯ ಲೋಹದ ತಂತಿಯಲ್ಲಿ ಕಾಂತತೆ ಒಂದೆಡೆ ನಿಲ್ಲದೆ ಹರಡಿಕೊಂಡೀತು ಎಂಬ ಅನುಮಾನ ಅವನಿಗಿತ್ತು. ಕೆಲಸ ಮಾಡುವ ಯಂತ್ರವೊಂದನ್ನು ಅವನು ಜಗತ್ತಿಗೆ ತೋರಿಸಲಿಲ್ಲ. ಹತ್ತು ವರ್ಷದ ಮೇಲೆ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯ ತರುಣ ವಾಲ್ಡೆಮಾರ್ ಪೌಲ್ಸೆನ್ ಆ ಅನುಮಾನ ನಿಜವಲ್ಲ ಎಂದು ತೋರಿಸಿಕೊಟ್ಟ. ಮಾತಿನಿಂದ ಏರಿಳಿಯುವ ವಿದ್ಯುತ್ತನ್ನು ಒಂದು ಪುಟ್ಟ ವಿದ್ಯುತ್ಕಾಂತಕ್ಕೆ ಕೊಟ್ಟು, ಅದರ ಮುಂದೆ ಉಕ್ಕಿನ ತಂತಿ ಓಡಿಸಿದರೆ, ತಂತಿಯ ಆಯಾ ಜಾಗ ಆಯಾ ಪ್ರಮಾಣದಲ್ಲಿ ಕಾಂತವಾಗುತ್ತದೆ. ಅದೇ ತಂತಿಯನ್ನು ಮತ್ತೆ ಓಡಿಸಿದರೆ ಅದೇ ಏರಿಳಿತ ವಾಪಸು ಬರುತ್ತದೆ. ಅವನ ಟೆಲಿಗ್ರಾಫೋನ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಬಹುಮಾನ ಪಡೆಯಿತು. ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅದರ ಮುಂದೆ ಆಡಿದ ಮಾತು ಇವತ್ತಿಗೂ ಉಳಿದಿದೆ. ಉಳಿದಿರುವ ಕಾಂತೀಯ ಧ್ವನಿಮುದ್ರಣಗಳಲ್ಲಿ ಅದೇ ಅತಿ ಹಳೆಯದು. ಇಷ್ಟಾದರೂ ಅದನ್ನು ಮಾರಲು 1903ರಲ್ಲಿ ಹುಟ್ಟಿದ ಅಮೆರಿಕದ ಕಂಪನಿ ಏಳಿಗೆ ಕಾಣಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಅದು ಗಟ್ಟಿಯಾದದ್ದೇ. ಪೌಲ್ಸೆನ್ನನ ಕಾಲದಲ್ಲಿ ಕ್ಷೀಣ ಧ್ವನಿಯನ್ನು ಹಿಗ್ಗಿಸುವ ಸಾಧನವಿರಲಿಲ್ಲ. ತಂತಿಯಿಂದ ಬಂದದ್ದನ್ನು ಕಿವಿಗೆ ಹಚ್ಚಿಕೊಂಡೇ ಕೇಳಬೇಕಿತ್ತು. ಹಾಗಾಗಿ ತಡವಾದದ್ದು ನಿರ್ವಾತ ಕೊಳವೆಯ ವರ್ಧಕ ಬಾರದ್ದರಿಂದಲೇ ಹೊರತು ಪಟ್ಟಿಯಿಂದಲ್ಲ ಎನ್ನಬಹುದು. ಆದರೆ ಆ ಕೊರತೆ ನೀಗಿದ ಮೇಲೆ ಏನಾಯಿತು ಎಂದು ನೋಡಬೇಕು. 1920ರ ದಶಕದ ನಡುವಿನ ಹೊತ್ತಿಗೆ ವರ್ಧಕಗಳು ಬಾನುಲಿಯಲ್ಲೂ ಗ್ರಾಮಫೋನ್ ಕಾರ್ಖಾನೆಗಳಲ್ಲೂ ದಿನಬಳಕೆಯ ವಸ್ತುವಾಗಿದ್ದವು. 1925ರಿಂದ ಗ್ರಾಮಫೋನ್ ತಟ್ಟೆಗಳನ್ನೇ ಮೈಕ್ ಮತ್ತು ವರ್ಧಕದ ನೆರವಿನಿಂದ ತಯಾರಿಸತೊಡಗಿದರು. ವರ್ಧಕವೊಂದೇ ಅಡ್ಡಿಯಾಗಿದ್ದರೆ ಕಾಂತೀಯ ಮುದ್ರಣ ಆಗಲೇ ಗ್ರಾಮಫೋನಿಗೆ ಸವಾಲು ಹಾಕಬೇಕಿತ್ತು. ಅದರ ಬದಲು ಬಂದದ್ದು ಒಂದು ಭಾರೀ ಗಾತ್ರದ, ಅಪಾಯಕಾರಿ ಉಪಕರಣ.

ಜರ್ಮನಿಯ ಕುರ್ಟ್ ಸ್ಟಿಲ್ಲೆ ಪೌಲ್ಸೆನ್ನನ ತತ್ತ್ವವನ್ನು ಮತ್ತೆ ಕೈಗೆತ್ತಿಕೊಂಡ. ಇಂಗ್ಲೆಂಡಿನಲ್ಲಿ ಚಲನಚಿತ್ರ ಸ್ಟುಡಿಯೋ ನಡೆಸುತ್ತಿದ್ದ ಲುಡ್ವಿಗ್ ಬ್ಲಾಟ್ನರ್ ಅದರ ಹಕ್ಕು ಪಡೆದು ಬ್ಲಾಟ್ನರ್‌ಫೋನ್ ಎಂಬ ಯಂತ್ರ ತಂದ. 1930ರ ಹೊತ್ತಿಗೆ ಬಿಬಿಸಿ ಅದನ್ನು ಪರೀಕ್ಷೆಗೆ ತೆಗೆದುಕೊಂಡಿತು. 1932ರಲ್ಲಿ ಸಾಮ್ರಾಜ್ಯದ ದೂರದ ವಸಾಹತುಗಳಿಗಾಗಿ ಪ್ರಸಾರ ಆರಂಭವಾದಾಗ ಬಿಬಿಸಿಗೆ ಇದರ ಅಗತ್ಯ ಬೇರೆ ರೀತಿಯಲ್ಲೇ ಬಂತು: ಲಂಡನ್ನಿನ ಸಂಜೆ ಬೇರೆ ಖಂಡದಲ್ಲಿ ಸರಿರಾತ್ರಿ, ಹಾಗಾಗಿ ಒಂದೇ ಕಾರ್ಯಕ್ರಮವನ್ನು ಮತ್ತೆ ಮತ್ತೆ ಬಿತ್ತರಿಸಬೇಕು. ಅಂದರೆ ಬೇಡಿಕೆಯೂ ಇತ್ತು, ಹಣವೂ ಇತ್ತು, ವರ್ಧಕವೂ ಇತ್ತು. ಆದರೆ ಮಾಧ್ಯಮ ಮಾತ್ರ ಉಕ್ಕು. ಮುಂದೆ ಬಂದ ಮಾರ್ಕೋನಿ–ಸ್ಟಿಲ್ಲೆ ಯಂತ್ರದಲ್ಲಿ 3 ಮಿಲಿಮೀಟರ್ ಅಗಲದ ಉಕ್ಕಿನ ಪಟ್ಟಿ ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಓಡುತ್ತಿತ್ತು. ಅರ್ಧ ಗಂಟೆಯ ಮಾತಿಗೆ 2,700 ಮೀಟರ್ ಉಕ್ಕು ಬೇಕು. ಓಡುತ್ತಿರುವಾಗ ಪಟ್ಟಿ ತುಂಡಾದರೆ ಕತ್ತಿಯ ಅಲಗಿನಂತೆ ಕೋಣೆಯಲ್ಲಿ ಹಾರುತ್ತಿತ್ತು. ಮಾತಿನ ನಡುವಿನ ಒಂದು ಭಾಗ ತೆಗೆದುಹಾಕಬೇಕೆಂದರೆ ಉಕ್ಕನ್ನು ಕತ್ತರಿಸಿ ಬೆಸುಗೆ ಹಾಕಬೇಕು. ಬಿಬಿಸಿಯ ಎಂಜಿನಿಯರುಗಳು ಈ ಯಂತ್ರದಿಂದ ವರ್ಷಗಟ್ಟಲೆ ಕೆಲಸ ತೆಗೆದರು ಎಂಬುದು ಅವರ ತಾಳ್ಮೆಗೆ ಸಲ್ಲಬೇಕಾದ ಮಾತು. ಆದರೆ ಇಂಥ ಯಂತ್ರ ದೊಡ್ಡ ಸಂಸ್ಥೆಯೊಂದರ ಕೋಣೆ ದಾಟಿ ಹೊರಗೆ ಬರುವುದು ಸಾಧ್ಯವಿರಲಿಲ್ಲ.

ಪಟ್ಟಿ ಬಂದದ್ದು ಸಿಗರೇಟಿನ ಕಡೆಯಿಂದ. ಸಾಲ್ಜ್‌ಬರ್ಗಿನಲ್ಲಿ ಹುಟ್ಟಿ ಡ್ರೆಸ್ಡೆನ್ನಿನಲ್ಲಿ ನೆಲೆಸಿದ್ದ ಫ್ರಿಟ್ಸ್ ಫ್ಲಾಯ್ಮರ್ ಕಾಗದಕ್ಕೆ ಸಂಬಂಧಿಸಿದ ಕೆಲಸಗಳಲ್ಲಿ ನುರಿತವನು. ದುಬಾರಿ ಸಿಗರೇಟುಗಳ ತುದಿಗೆ ಆಗ ಚಿನ್ನದ ಬಣ್ಣದ ಸುತ್ತು ಇರುತ್ತಿತ್ತು. ಚಿನ್ನದ ರೇಕಿನ ಬದಲು ಕಂಚಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ತುಟಿಗೆ ಹತ್ತದ ಹಾಗೆ ಕಾಗದದ ಮೇಲೆ ಕೂರಿಸುವ ವಿಧಾನವನ್ನು ಅವನು ಕಂಡುಹಿಡಿದ. ಕಂಚಿನ ಪುಡಿ ಕೂರುವುದಾದರೆ ಕಬ್ಬಿಣದ ಪುಡಿಯೂ ಕೂತೀತು ಎಂಬುದು ಅವನ ಮುಂದಿನ ಹೆಜ್ಜೆ. 1928ರಲ್ಲಿ ಪೇಟೆಂಟ್ ಪಡೆದ. ಆ ಕಾಗದ ಬೇಗ ಹರಿಯುತ್ತಿತ್ತು, ಧ್ವನಿಯೂ ಕೆಟ್ಟದಾಗಿತ್ತು, ಆದರೆ ಅದನ್ನು ಕತ್ತರಿಯಿಂದ ಕತ್ತರಿಸಿ ಅಂಟಿನಿಂದ ಜೋಡಿಸಬಹುದಿತ್ತು. ಉಕ್ಕಿನಲ್ಲಿ ಮೂವತ್ತು ವರ್ಷ ಹುಡುಕಿದರೂ ಸಿಗದ ಗುಣ ಇದು. ಈ ಕಥೆಗೊಂದು ಕಾನೂನಿನ ಕೊಂಕೂ ಉಂಟು. 1936ರಲ್ಲಿ ಜರ್ಮನಿಯ ನ್ಯಾಯಾಲಯ ಫ್ಲಾಯ್ಮರನ ಪೇಟೆಂಟನ್ನು ರದ್ದು ಮಾಡಿತು. ಪುಡಿ ಲೇಪಿಸಿದ ಕಾಗದದ ಮಾತು ಪೌಲ್ಸೆನ್ನನ 1898ರ ಪೇಟೆಂಟಿನಲ್ಲೇ ಬಂದಿದೆ, ಇದರಲ್ಲಿ ಹೊಸತೇನೂ ಇಲ್ಲ ಎಂದಿತು. ನ್ಯಾಯಾಲಯ ಹೇಳಿದ್ದು ಸರಿಯೇ. ಪೌಲ್ಸೆನ್ ಅದನ್ನು ಬರೆದಿದ್ದ. ಸ್ಮಿತ್ ಅದಕ್ಕೂ ಮೊದಲು ಅದರ ಹತ್ತಿರಕ್ಕೆ ಬಂದಿದ್ದ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ: ವಿಚಾರ ಅಕ್ಷರರೂಪದಲ್ಲಿ ಮೂವತ್ತು ವರ್ಷ ಬಿದ್ದಿತ್ತು, ಪುಡಿಯನ್ನು ಕಾಗದದ ಮೇಲೆ ನಿಲ್ಲಿಸುವ ಕಸುಬುದಾರನ ಕೈಗೆ ಬಂದಾಗಲಷ್ಟೇ ಅದಕ್ಕೆ ಜೀವ ಬಂತು.

ಅಲ್ಲಿಂದ ಮುಂದಿನ ದಾರಿಯೂ ಇದನ್ನೇ ಹೇಳುತ್ತದೆ. 1932ರಲ್ಲಿ ಫ್ಲಾಯ್ಮರ್ ತನ್ನ ಹಕ್ಕನ್ನು ಬರ್ಲಿನ್ನಿನ ವಿದ್ಯುತ್ ಕಂಪನಿ ಎಇಜಿಗೆ ಕೊಟ್ಟ. ಯಂತ್ರ ಕಟ್ಟುವುದು ಎಇಜಿಗೆ ತಿಳಿದಿತ್ತು; ಪಟ್ಟಿ ಮಾಡುವುದು ಅದರಿಂದಾಗದ ಕೆಲಸವಾಗಿತ್ತು. ಅದು ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಸಮೂಹದ ಬಾಗಿಲು ತಟ್ಟಿತು. ಆ ಸಮೂಹದ ಲುಡ್ವಿಗ್ಸ್‌ಹಾಫೆನ್ ಘಟಕವೇ ಬಿಎಎಸ್‌ಎಫ್. ಅಲ್ಲಿ ಬೇಕಾದ ಸಾಮಗ್ರಿಯೆಲ್ಲ ಬೇರೆ ಬೇರೆ ಕಾರಣಕ್ಕೆ ಆಗಲೇ ತಯಾರಿತ್ತು. ದೂರವಾಣಿ ತಂತಿಗಳ ಸುರುಳಿಗಳಿಗಾಗಿ ಕಾರ್ಬೊನಿಲ್ ಕಬ್ಬಿಣ ಎಂಬ ಅತಿ ನಯವಾದ ಪುಡಿಯನ್ನು ಅವರು ತಯಾರಿಸುತ್ತಿದ್ದರು. ಬಣ್ಣ ಮತ್ತು ಅರಗು ಅವರ ಹುಟ್ಟುಕಸುಬು. ಫೋಟೋ ಫಿಲ್ಮಿನ ಸೆಲ್ಯುಲೋಸ್ ಅಸಿಟೇಟ್ ಸಹ ಅದೇ ಸಮೂಹದ ಸರಕು. ಫ್ರೀಡ್ರಿಕ್ ಮಥಿಯಾಸ್ ಎಂಬ ರಸಾಯನಶಾಸ್ತ್ರಜ್ಞ ಇವನ್ನೆಲ್ಲ ಕೂಡಿಸಿದ. 1934ರಲ್ಲಿ ಮೊದಲ 50,000 ಮೀಟರ್ ಪಟ್ಟಿ ಎಇಜಿಗೆ ಹೋಯಿತು. ಸೆಕೆಂಡಿಗೆ ಒಂದು ಮೀಟರ್ ಲೆಕ್ಕದಲ್ಲಿ ಓಡುವ ಯಂತ್ರಕ್ಕೆ ಅದು ಹದಿನಾಲ್ಕು ಗಂಟೆಗೂ ಸಾಲದಷ್ಟು. ಇತ್ತ ಎಇಜಿಯಲ್ಲಿ ಎಡ್ವರ್ಡ್ ಶ್ಯುಲರ್ ರೂಪಿಸಿದ ಉಂಗುರಾಕಾರದ ಹೆಡ್ಡನ್ನು, ಅಂದರೆ ಪಟ್ಟಿಗೆ ತಾಗುವ ವಿದ್ಯುತ್ಕಾಂತವನ್ನು, ಯಂತ್ರದ ಜಯ ಎಂದು ಎಣಿಸುವುದು ವಾಡಿಕೆ. ಆದರೆ ಅದು ಹುಟ್ಟಿದ ಕಾರಣ ನೋಡಿ. ಉಕ್ಕಿನ ಕಾಲದ ಹೆಡ್ಡುಗಳು ಸೂಜಿಯಂತೆ ಚೂಪು. ಉಕ್ಕು ಅದನ್ನು ತಾಳಿಕೊಳ್ಳುತ್ತಿತ್ತು, ಲೇಪನದ ಮೆತ್ತನೆ ಪಟ್ಟಿಯನ್ನು ಅದು ಕೆರೆದು ಹಾಕುತ್ತಿತ್ತು. ಪಟ್ಟಿಯನ್ನು ನೋಯಿಸದೆ ಮುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಆ ಉಂಗುರ, ಅದರ ಕೂದಲೆಳೆಯಷ್ಟು ಸಣ್ಣ ಸೀಳು. ಇವತ್ತಿನವರೆಗೂ ಟೇಪ್ ಯಂತ್ರಗಳ ಹೆಡ್ಡು ಅದೇ ಮಾದರಿಯದು.

1935ರ ಆಗಸ್ಟಿನಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಮ್ಯಾಗ್ನೆಟೊಫೋನ್ ಎಂಬ ಹೆಸರಿನಿಂದ ಈ ಯಂತ್ರ ಜನರ ಮುಂದೆ ಬಂತು. ಮರುವರ್ಷ ನವೆಂಬರ್ 19ರಂದು ಲುಡ್ವಿಗ್ಸ್‌ಹಾಫೆನ್ನಿನ ಕಂಪನಿ ಸಭಾಂಗಣದಲ್ಲಿ ಸರ್ ಥಾಮಸ್ ಬೀಚಮ್ ಲಂಡನ್ ಫಿಲ್ಹಾರ್ಮೋನಿಕ್ ವಾದ್ಯವೃಂದವನ್ನು ನಡೆಸಿದಾಗ ಅದನ್ನು ಟೇಪಿನಲ್ಲಿ ಹಿಡಿದರು. ಆ ಮುದ್ರಣ ಉಳಿದಿದೆ. ಕೇಳಿದರೆ, ಒಳ್ಳೆಯ ಗ್ರಾಮಫೋನ್ ತಟ್ಟೆಯನ್ನು ಬಿಟ್ಟು ಇದನ್ನು ಯಾರೂ ಆಯ್ದುಕೊಳ್ಳುತ್ತಿರಲಿಲ್ಲ ಎಂದೇ ಅನ್ನಿಸುತ್ತದೆ. ಸಂಗೀತದ ಹಿಂದೆ ಸುರಿಯುವ ಸದ್ದು ಅಷ್ಟಿದೆ. ಲುಡ್ವಿಗ್ಸ್‌ಹಾಫೆನ್ನಿನವರು ಪುಡಿಯನ್ನು ಬದಲಾಯಿಸುತ್ತಲೇ ಹೋದರು. ಅಪ್ಪಟ ಕಬ್ಬಿಣ ಬಿಟ್ಟು ಮ್ಯಾಗ್ನೆಟೈಟಿಗೆ ಬಂದರು, 1939ರ ಹೊತ್ತಿಗೆ ಗ್ಯಾಮಾ ಫೆರಿಕ್ ಆಕ್ಸೈಡಿಗೆ ತಲುಪಿದರು. ಇದು ಮನೆಬಾಗಿಲಿನ ಚಿಲಕಕ್ಕೆ ಹಿಡಿಯುವ ತುಕ್ಕಿನ ದಾಯಾದಿ. ನಮ್ಮಲ್ಲಿ ಭಾವಗೀತೆ, ಯಕ್ಷಗಾನದ ಕ್ಯಾಸೆಟ್‌ಗಳನ್ನು ತಿರುವಿಹಾಕಿದವರಿಗೆ ಗೊತ್ತಿರುವ ಆ ಕಂದು ಬಣ್ಣ ಇದರದೇ.

ಎರಡನೆಯ ಆಕ್ಷೇಪ ಇಲ್ಲಿ ಕಾದಿದೆ. ಟೇಪಿಗೆ ನಿಜವಾದ ಗುಣಮಟ್ಟ ಬಂದದ್ದು ಪುಡಿಯಿಂದಲ್ಲ, ಒಂದು ವಿದ್ಯುತ್ ಉಪಾಯದಿಂದ. ಜರ್ಮನ್ ಬಾನುಲಿ ಸಂಸ್ಥೆಯ ಎಂಜಿನಿಯರ್ ವಾಲ್ಟರ್ ವೇಬರ್ 1940ರಲ್ಲಿ ಪ್ರಯೋಗ ಮಾಡುತ್ತಿದ್ದಾಗ ಒಂದು ವರ್ಧಕ ತಾನೇತಾನಾಗಿ ಕಂಪಿಸತೊಡಗಿತು. ಮಾತಿನ ವಿದ್ಯುತ್ತಿನ ಜೊತೆಗೆ ಕಿವಿಗೆ ಕೇಳದಷ್ಟು ಎತ್ತರದ ಕಂಪನವೊಂದು ಟೇಪಿಗೆ ಸೇರಿತು. ಮುದ್ರಣ ಅಚ್ಚರಿಪಡುವಷ್ಟು ತಿಳಿಯಾಯಿತು. 1941ರ ಜೂನ್‌ನಲ್ಲಿ ಬರ್ಲಿನ್ನಿನ ಚಿತ್ರಮಂದಿರವೊಂದರಲ್ಲಿ ಅದನ್ನು ಕೇಳಿಸಿದಾಗ ಗ್ರಾಮಫೋನಿನ ಕಾಲ ಮುಗಿಯಿತು ಎಂದು ಬಲ್ಲವರಿಗೆ ಅರಿವಾಯಿತು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇದೇ ಉಪಾಯವನ್ನು ಅಮೆರಿಕದ ನೌಕಾದಳದ ಪ್ರಯೋಗಾಲಯದ ಕಾರ್ಲ್‌ಸನ್ ಮತ್ತು ಕಾರ್ಪೆಂಟರ್ ತಂತಿಯ ಮೇಲೆ ಮೊದಲೇ ಪ್ರಯೋಗಿಸಿ 1927ರಲ್ಲಿ ಪೇಟೆಂಟ್ ಪಡೆದಿದ್ದರು. ಜಪಾನಿನ ಕೆಂಜೊ ನಗಾಯ್ 1938ರಲ್ಲಿ ಅದೇ ದಾರಿಯಲ್ಲಿದ್ದ. ಅಮೆರಿಕದ ಆ ಪೇಟೆಂಟ್ ಹದಿಮೂರು ವರ್ಷ ಯಾರ ಬದುಕನ್ನೂ ಬದಲಿಸದೆ ಮಲಗಿತ್ತು. ಇನ್ನೊಂದು ಸಂಗತಿ ಇದಕ್ಕಿಂತ ತೂಕದ್ದು. ಜರ್ಮನ್ ಬಾನುಲಿ ಮ್ಯಾಗ್ನೆಟೊಫೋನನ್ನು ಒಪ್ಪಿಕೊಂಡದ್ದು 1938ರಲ್ಲಿ, ವೇಬರನ ಶೋಧಕ್ಕೆ ಎರಡು ವರ್ಷ ಮೊದಲು, ಧ್ವನಿ ಇನ್ನೂ ಒರಟಾಗಿದ್ದಾಗಲೇ. ಒಳ್ಳೆಯ ಧ್ವನಿಗಾಗಿ ಅವರು ಅದನ್ನು ತೆಗೆದುಕೊಳ್ಳಲಿಲ್ಲ ಎಂಬುದು ಸ್ಪಷ್ಟ. ತಟ್ಟೆಗಿಂತ ಬಹಳ ಹೊತ್ತು ತಡೆಯಿಲ್ಲದೆ ಓಡುತ್ತದೆ, ಅಳಿಸಿ ಮತ್ತೆ ಬಳಸಬಹುದು, ಬೇಡದ್ದನ್ನು ಕತ್ತರಿಸಬಹುದು: ಅವರನ್ನು ಒಲಿಸಿದ ಗುಣಗಳು ಇವು, ಮೂರೂ ಪಟ್ಟಿಯ ಗುಣಗಳು.

ಕತ್ತರಿಸಬಹುದು ಎಂಬುದು ಗೊಬೆಲ್ಸ್‌ನ ಪ್ರಚಾರ ಮಂತ್ರಾಲಯದ ಕೈಕೆಳಗಿನ ಬಾನುಲಿಗೆ ಏನು ಅರ್ಥ ಕೊಡುತ್ತಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ನೇರ ಪ್ರಸಾರದಲ್ಲಿ ಬಾಯಿಂದ ಜಾರಿದ ಮಾತನ್ನು ಹಿಂತೆಗೆದುಕೊಳ್ಳಲಾಗದು. ಟೇಪಿನಲ್ಲಿ ಬಂದದ್ದನ್ನು ಮೊದಲು ಕೇಳಿ, ಒಪ್ಪಿಗೆಯಾದಷ್ಟನ್ನು ಮಾತ್ರ ಹೊರಗೆ ಬಿಡಬಹುದು. ಯುದ್ಧರಂಗದ ವರದಿ, ನಾಯಕರ ಭಾಷಣ, ನಡುರಾತ್ರಿಯ ಸಂಗೀತ ಎಲ್ಲವೂ ಈ ಜರಡಿಯಲ್ಲಿ ಸೋಸಿ ಬಂದವು. ಪಟ್ಟಿಯನ್ನು ತಯಾರಿಸಿದ ಐ.ಜಿ. ಫಾರ್ಬೆನ್ ಮುಂದೆ ಔಷ್ವಿಟ್ಸ್‌ನ ಬಂದಿಗಳನ್ನು ದುಡಿಸಿಕೊಂಡ ಕಂಪನಿ. ಅದರ ಮುಖ್ಯಸ್ಥರು ನ್ಯೂರೆಂಬರ್ಗಿನಲ್ಲಿ ವಿಚಾರಣೆ ಎದುರಿಸಿದರು. ಅದೇ ಮ್ಯಾಗ್ನೆಟೊಫೋನಿನ ಮೇಲೆ, ಯುದ್ಧದ ಕೊನೆಯ ತಿಂಗಳುಗಳಲ್ಲಿ, ವಾಲ್ಟರ್ ಗೀಸೆಕಿಂಗ್ ಪಿಯಾನೋದಲ್ಲಿ ನುಡಿಸಿದ ಬೀಥೋವನನ ಕೃತಿಯೊಂದು ಸ್ಟೀರಿಯೋದಲ್ಲಿ ದಾಖಲಾಗಿದೆ. ಮೆಲ್ಲನೆಯ ಜಾಗಗಳಲ್ಲಿ ವಿಮಾನ ಹೊಡೆಯುವ ಫಿರಂಗಿಗಳ ಸದ್ದು ಕೇಳಿಸುತ್ತದೆ.

ಮೂರನೆಯ ಆಕ್ಷೇಪವನ್ನು ಜನಪ್ರಿಯ ಕಥೆಯೇ ಕಟ್ಟಿಕೊಟ್ಟಿದೆ: ಟೇಪು ಯುದ್ಧದ ಕೂಸು, ಜರ್ಮನ್ನರು ಬಚ್ಚಿಟ್ಟ ಗುಟ್ಟು, ಅಮೆರಿಕನ್ನರು ಗೆದ್ದು ತಂದದ್ದು. ಸಾರ್ವಜನಿಕ ಪ್ರದರ್ಶನದಲ್ಲಿ ಇಟ್ಟ, ಲಂಡನ್ನಿನ ವಾದ್ಯವೃಂದವೊಂದು ತಾನೇ ಎದುರು ಕೂತು ನುಡಿಸಿದ ಯಂತ್ರ ಗುಟ್ಟಾಗಿತ್ತು ಎನ್ನುವುದು ಕಷ್ಟ. ಗುಟ್ಟಾಗಿ ಉಳಿದದ್ದು ವೇಬರನ ಸುಧಾರಣೆ, ಅದೂ ಯುದ್ಧ ಸಂಪರ್ಕ ಕಡಿದಿದ್ದರಿಂದ. ಯುದ್ಧವೇ ತಾಯಿಯಾಗಿದ್ದರೆ ಅದು ಅಮೆರಿಕದಲ್ಲೂ ಅಂಥದೇ ಮಗುವನ್ನು ಹೆರಬೇಕಿತ್ತು. ಅಲ್ಲಿ ಹಣಕ್ಕೂ ಬುದ್ಧಿಗೂ ಬರವಿರಲಿಲ್ಲ. ಷಿಕಾಗೋದ ಆರ್ಮರ್ ಸಂಶೋಧನಾ ಸಂಸ್ಥೆಯ ಮಾರ್ವಿನ್ ಕ್ಯಾಮ್ರಾಸ್ ಎತ್ತರದ ಕಂಪನದ ಅದೇ ಉಪಾಯವನ್ನು ತಾನಾಗಿಯೇ ಕಂಡುಕೊಂಡು ಬಳಸಿದ್ದ. ಸೇನೆಗಾಗಿ ಅಂಥ ಯಂತ್ರಗಳನ್ನು ತಯಾರಿಸಿಯೂ ಕೊಟ್ಟರು. ಆದರೆ ಅವು ಓಡಿಸುತ್ತಿದ್ದದ್ದು ಕೂದಲಿನಷ್ಟು ತೆಳುವಾದ ಉಕ್ಕಿನ ತಂತಿಯನ್ನು. ತಂತಿ ತಿರುಚಿಕೊಳ್ಳುತ್ತಿತ್ತು, ಸಿಕ್ಕಾಗುತ್ತಿತ್ತು, ತುಂಡಾದರೆ ಗಂಟು ಹಾಕಬೇಕಿತ್ತು. ವರ್ಧಕ ಅದೇ, ಕಂಪನದ ಉಪಾಯ ಅದೇ, ಯುದ್ಧವೂ ಅದೇ, ಇಲ್ಲದಿದ್ದದ್ದು ಪಟ್ಟಿಯೊಂದೇ. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಮನೆಬಳಕೆಗೆ ಮಾರಾಟವಾದ ತಂತಿ ಯಂತ್ರಗಳು ಟೇಪ್ ಬಂದದ್ದೇ ತಡ ಮೂಲೆ ಸೇರಿದವು. ಯುದ್ಧ ಮಾಡಿದ ಕೆಲಸ ಬೇರೆ: ಗೆದ್ದವರು ಜರ್ಮನ್ ಪೇಟೆಂಟುಗಳನ್ನು ವಶಪಡಿಸಿಕೊಂಡು ಎಲ್ಲರಿಗೂ ತೆರೆದಿಟ್ಟರು. ಹರಡಲು ಅದು ನೆರವಾಯಿತು, ಹುಟ್ಟಲು ಅಲ್ಲ.

ಹರಡಿದ ಬಗೆಯಲ್ಲೂ ಪಟ್ಟಿಯೇ ಮುಂದು. ಅಮೆರಿಕದ ಸೇನೆಯ ಸಂಪರ್ಕ ದಳದಲ್ಲಿದ್ದ ಜಾಕ್ ಮಲ್ಲಿನ್ ಫ್ರಾಂಕ್‌ಫರ್ಟ್ ಬಾನುಲಿಯ ಬಾಡ್ ನೌಹೈಮ್ ನಿಲಯದಲ್ಲಿ ಸುಧಾರಿತ ಮ್ಯಾಗ್ನೆಟೊಫೋನ್ ಕೇಳಿ ಬೆರಗಾದ. ಎರಡು ಯಂತ್ರಗಳನ್ನು ಬಿಚ್ಚಿ, ಐವತ್ತು ಸುರುಳಿ ಟೇಪಿನೊಂದಿಗೆ ತುಂಡುತುಂಡಾಗಿ ಊರಿಗೆ ಕಳಿಸಿದ. 1946ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಂಜಿನಿಯರುಗಳಿಗೆ ಅದನ್ನು ಕೇಳಿಸಿದ. ಅದನ್ನು ಹೆಚ್ಚು ಆತುರದಿಂದ ಬಯಸಿದವನು ಹಾಡುಗಾರ ಬಿಂಗ್ ಕ್ರಾಸ್ಬಿ. ಅಲ್ಲಿನ ದೊಡ್ಡ ಬಾನುಲಿ ಜಾಲಗಳು ನೇರ ಪ್ರಸಾರವನ್ನೇ ಮರ್ಯಾದೆ ಎಂದುಕೊಂಡಿದ್ದವು. ಪೂರ್ವ ಕರಾವಳಿಗೊಮ್ಮೆ, ಪಶ್ಚಿಮಕ್ಕೊಮ್ಮೆ ಒಂದೇ ಕಾರ್ಯಕ್ರಮವನ್ನು ಎರಡು ಸಲ ಹಾಡಿ ಆಡಿ ಒಪ್ಪಿಸಬೇಕಿತ್ತು. ಕ್ರಾಸ್ಬಿಗೆ ಆ ಕಟ್ಟು ಸಾಕಾಗಿ, ಮುದ್ರಿತ ಕಾರ್ಯಕ್ರಮಕ್ಕೆ ಒಪ್ಪಿದ ಎಬಿಸಿ ಜಾಲಕ್ಕೆ 1946ರಲ್ಲಿ ಹೋದ. ಮೊದಲ ವರ್ಷ ತಟ್ಟೆಗಳಲ್ಲಿ ಮುದ್ರಿಸಿ, ತಟ್ಟೆಯಿಂದ ತಟ್ಟೆಗೆ ಇಳಿಸಿ ತಿದ್ದುವಾಗ ಧ್ವನಿ ಹದಗೆಡುತ್ತಿತ್ತು, ಕೇಳುಗರೂ ಗೊಣಗಿದರು. 1947ರ ಅಕ್ಟೋಬರ್ 1ರಂದು ಟೇಪಿನಲ್ಲಿ ತಿದ್ದಿದ ಕಾರ್ಯಕ್ರಮ ಬಿತ್ತರವಾಯಿತು. ಎಬಿಸಿಗೆ ಇನ್ನೂ ಟೇಪಿನ ಮೇಲೆ ಭರವಸೆ ಮೂಡಿರಲಿಲ್ಲ. ಆರಂಭದಲ್ಲಿ, ತಿದ್ದಿ ಮುಗಿಸಿದ ಟೇಪನ್ನು ಮತ್ತೆ ತಟ್ಟೆಗಿಳಿಸಿ, ತಟ್ಟೆಯಿಂದಲೇ ಗಾಳಿಗೆ ಬಿಟ್ಟರು. ಅಂದರೆ ಇಲ್ಲೂ ಟೇಪು ಒಳಗೆ ಬಂದದ್ದು ಕೇಳಿಸುವ ಸಾಧನವಾಗಿ ಅಲ್ಲ, ಕತ್ತರಿಸುವ ಸಾಧನವಾಗಿ. ಹಾಸ್ಯಗಾರ ಬಾಬ್ ಬರ್ನ್ಸ್ ಒಮ್ಮೆ ಪ್ರಸಾರಕ್ಕೆ ಸಲ್ಲದ ಪೋಲಿ ಕಥೆಗಳನ್ನು ಹೇಳಿ ಸಭಿಕರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದಾಗ, ಕಥೆಗಳನ್ನು ಕತ್ತರಿಸಿ ನಗುವನ್ನು ಮಾತ್ರ ಎತ್ತಿಟ್ಟರು. ಆಮೇಲೆ ಸಪ್ಪೆಯಾದ ಮತ್ತೊಂದು ಕಾರ್ಯಕ್ರಮಕ್ಕೆ ಆ ನಗುವನ್ನು ಅಂಟಿಸಿದರು. ಹಾಸ್ಯಕ್ಕೆ ನಗು, ನಗುವಿಗೆ ಹಾಸ್ಯ ಎಂಬ ನಂಟು ಅಂದಿನಿಂದ ಕಳಚಿಕೊಂಡದ್ದು ಟೆಲಿವಿಷನ್ ಧಾರಾವಾಹಿಗಳವರೆಗೂ ನಡೆದುಬಂದಿದೆ.

ಇಷ್ಟಕ್ಕೆಲ್ಲ ಮಲ್ಲಿನ್ ಬಳಿ ಇದ್ದದ್ದು ಜರ್ಮನಿಯಿಂದ ತಂದ ಆ ಐವತ್ತು ಸುರುಳಿ. ಒಂದು ಕಾರ್ಯಕ್ರಮ ಮುಗಿದ ಮೇಲೆ ಚೂರುಗಳನ್ನೂ ಬಿಸಾಡದೆ ಜೋಡಿಸಿ, ಅಳಿಸಿ, ಮತ್ತೆ ಬಳಸುತ್ತಿದ್ದರು. ಯಂತ್ರಕ್ಕೆ ಅಂಥ ಬರಗಾಲ ಬರಲಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಕಾರ್ಲೋಸಿನಲ್ಲಿ ಅಲೆಕ್ಸಾಂಡರ್ ಪೊನ್ಯಾಟಾಫ್ ನಡೆಸುತ್ತಿದ್ದ ಆಂಪೆಕ್ಸ್ ಎಂಬ ಪುಟ್ಟ ಕಂಪನಿ, ಯುದ್ಧಕಾಲದಲ್ಲಿ ರೇಡಾರಿಗೆ ಮೋಟಾರು ಮಾಡಿ ಯುದ್ಧ ಮುಗಿದ ಮೇಲೆ ಕೆಲಸ ಹುಡುಕುತ್ತಿದ್ದದ್ದು, ಬೆರಳೆಣಿಕೆಯ ಜನರನ್ನು ಇಟ್ಟುಕೊಂಡು ಮ್ಯಾಗ್ನೆಟೊಫೋನಿನ ಮಾದರಿಯಲ್ಲಿ ತನ್ನದೇ ಯಂತ್ರ ಕಟ್ಟಿತು. ಕ್ರಾಸ್ಬಿ ಅದಕ್ಕೆ 50,000 ಡಾಲರ್ ಮುಂಗಡವಾಗಿ ಕೊಟ್ಟ; 1948ರ ವಸಂತದಲ್ಲಿ ಯಂತ್ರಗಳು ಎಬಿಸಿಯಲ್ಲಿ ಓಡತೊಡಗಿದವು. ಆದರೆ ಅವು ಓಡಿಸಬೇಕಾದ ಟೇಪನ್ನು ಆಂಪೆಕ್ಸ್ ತಯಾರಿಸಲಿಲ್ಲ, ಅದಕ್ಕೆ ಆಗುತ್ತಲೂ ಇರಲಿಲ್ಲ. ಅದು ಬಂದದ್ದು ಮಿನೆಸೋಟಾದ 3ಎಂ ಕಂಪನಿಯಿಂದ. ವಿದ್ಯುತ್ತಿಗೂ ಸಂಗೀತಕ್ಕೂ ಸಂಬಂಧವಿಲ್ಲದ ಆ ಕಂಪನಿ ಅಷ್ಟು ಹೊತ್ತಿಗೆ ದಶಕಗಳಿಂದ ಮಾಡುತ್ತಿದ್ದ ಕಸುಬು ಎರಡು: ಬಡಗಿಗಳು ಮರ ಉಜ್ಜುವ ಮರಳುಕಾಗದ, ಮತ್ತು ಪೊಟ್ಟಣಕ್ಕೆ ಹಚ್ಚುವ ಅಂಟುಪಟ್ಟಿ.